ವಾರಂಬಂಗಲ್ ಬೆಟ್ಟಗಳಲ್ಲಿ ನಾನು ಕಲ್ಲು ಓದಿದ್ದು ಹೀಗೆ

ಸತ್ತ ಜ್ವಾಲಾಮುಖಿಯ ಹೊಟ್ಟೆಯೊಳಗೆ ಏನಿರುತ್ತೆ ಅಂತ ನೋಡೋ ಆಸೆ ಇದ್ದವರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿರುವ ವಾರಂಬಂಗಲ್ ನ್ಯಾಷನಲ್ ಪಾರ್ಕ್‌ಗೆ ಹೋಗಬೇಕು. ಸುಮಾರು 1.7 ಕೋಟಿ ವರ್ಷದಿಂದ 1.3 ಕೋಟಿ ವರ್ಷದ ಹಿಂದಿನವರೆಗೂ ಇಲ್ಲೊಂದು ದೊಡ್ಡ ಜ್ವಾಲಾಮುಖಿ ಉರಿಯುತ್ತಿತ್ತು. ಆಮೇಲೆ ಮಳೆ, ಗಾಳಿ ಸೇರಿ ಬೂದಿಯನ್ನೂ ಸಡಿಲ ಕಲ್ಲನ್ನೂ ತೊಳೆದುಕೊಂಡು ಹೋದವು. ಗಟ್ಟಿ ಇದ್ದದ್ದು ಮಾತ್ರ ನಿಂತಿದೆ.

ನಾನು ಪಿಂಚಮ್ ಹಾದಿ ಹಿಡಿದು ಗ್ರ್ಯಾಂಡ್ ಹೈ ಟಾಪ್ಸ್ ಕಡೆಗೆ ಹತ್ತಿದೆ. ಕೈಲಿ ಒಂದು ಲೆನ್ಸ್, ನೋಟ್‌ಬುಕ್ಕು, ಅಷ್ಟೇ. ಸುತ್ತಿಗೆ ಬೇಡ. ಪಾರ್ಕ್‌ನೊಳಗೆ ಕಲ್ಲು ಒಡೆಯುವ ಹಾಗಿಲ್ಲ, ಒಡೆಯಲೂ ಬಾರದು.

ಜ್ವಾಲಾಮುಖಿಗೂ ಮುಂಚಿನಿಂದ ಇಲ್ಲಿರುವುದು ಮರಳುಗಲ್ಲು. ಲೆನ್ಸ್ ಇಟ್ಟರೆ ಮರಳಿನ ಕಾಳು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತೆ. ಮೇಲಿನ ಬೂದು ಬಣ್ಣದ ಟ್ರಾಕೈಟ್, ಅಂದರೆ ಲಾವಾ ಆರಿ ಆದ ಕಲ್ಲು, ಹಾಗಲ್ಲ. ನುಣ್ಣನೆ ಕಲ್ಲಿನ ಮಧ್ಯೆ ಅಲ್ಲಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳು. ಹರಳು ನೆಲದಡಿಯಲ್ಲಿ ನಿಧಾನಕ್ಕೆ ಬೆಳೆದದ್ದು, ಸುತ್ತಲಿನ ನುಣುಪು ಭಾಗ ಬೇಗ ಆರಿದ್ದು. ಈ ಲಾವಾ ತುಂಬಾ ಮಂದ, ದೂರ ಹರಿಯೋದಿಲ್ಲ. ಎಷ್ಟೋ ಕಡೆ ಜ್ವಾಲಾಮುಖಿಯ ಬಾಯಲ್ಲೇ ಗಟ್ಟಿಯಾಗಿ ಕೂತುಬಿಟ್ಟಿತು, ಕ್ರೇಟರ್ ಬ್ಲಫ್ ಮತ್ತು ಬೆಲೌಗರಿ ಸ್ಪೈರ್ ಶಿಖರಗಳು ಅಂಥವೇ.

ನಾನು ಜಾಸ್ತಿ ಹೊತ್ತು ನಿಂತಿದ್ದು ಬ್ರೆಡ್‌ನೈಫ್ ಎಂಬ ತೆಳ್ಳನೆ ಕಲ್ಲುಗೋಡೆಯ ಬುಡದಲ್ಲಿ. ಸುಮಾರು 90 ಮೀಟರ್ ಎತ್ತರ, ಅಗಲ ಮಾತ್ರ ಕೆಲವೇ ಮೀಟರ್. ನೆಲದ ಬಿರುಕಿನೊಳಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿದ ಲಾವಾ ಇದು, ಸುತ್ತಲಿದ್ದ ಮೆತ್ತನೆ ಪದರ ಸವೆದ ಮೇಲೆ ಹೊರಗೆ ಬಂದಿದೆ. ಹತ್ತಲು ಬಿಡೋದಿಲ್ಲ, ಆದರೆ ನೋಡಬೇಕಾದ್ದು ಬುಡದಲ್ಲೇ ಇದೆ: ಅದರ ಸೀಳುಗಳು. ಬಿಸಿ ಕಲ್ಲು ಆರುವಾಗ ಕುಗ್ಗುತ್ತೆ, ತಣ್ಣಗಿನ ಮೇಲ್ಮೈಗೆ ಲಂಬಕೋನದಲ್ಲಿ ಬಿರುಕು ಬಿಟ್ಟು ಕಂಬ ಕಂಬವಾಗಿ ಸೀಳುತ್ತೆ. ಬಯಲಲ್ಲಿ ಹರಡಿದ ಲಾವಾದಲ್ಲಿ ತಣ್ಣಗಿನ ಮೈ ಮೇಲೂ ಕೆಳಗೂ ಇರೋದರಿಂದ ಕಂಬಗಳು ನಿಂತಿರುತ್ತವೆ. ಇಲ್ಲಿ ಅದು ಎಡಕ್ಕೆ, ಬಲಕ್ಕೆ ಇತ್ತು, ಅದಕ್ಕೇ ಕಂಬಗಳು ಮಲಗಿವೆ, ಯಾರೋ ಸೌದೆ ಒಟ್ಟಿದ ಹಾಗೆ! ಎಷ್ಟೋ ಜನ ಸುಮ್ನೆ ಫೋಟೋ ತೆಗೆದು ಮುಂದೆ ಹೋಗ್ತಾರೆ, ನನಗೆ ಸಂಕಟವಾಗುತ್ತೆ.

ಇಷ್ಟು ನೋಡಿದ ಮೇಲೆ ಉತ್ತರಕ್ಕಿರುವ ಕಾಪುಟಾರ್, ದಕ್ಷಿಣಕ್ಕಿರುವ ಕ್ಯಾನೊಬೊಲಾಸ್ ಎಂಬ ಸತ್ತ ಜ್ವಾಲಾಮುಖಿ ಬೆಟ್ಟಗಳನ್ನೂ ಇದೇ ಲೆನ್ಸ್ ಹಿಡಿದು ನೋಡಿ. ಕಾಪುಟಾರ್ ಇದಕ್ಕಿಂತ ಹಳೇದು, ಕ್ಯಾನೊಬೊಲಾಸ್ ಇದಕ್ಕಿಂತ ಹೊಸದು. ಆಸ್ಟ್ರೇಲಿಯಾದ ನೆಲ ಉತ್ತರಕ್ಕೆ ಸರಿಯುತ್ತಾ ಹೋಯಿತು, ಕೆಳಗಿನ ಬಿಸಿ ಜಾಗ ಇದ್ದಲ್ಲೇ ಇತ್ತು, ಹಾಗಾಗಿ ಹೊಸ ಜ್ವಾಲಾಮುಖಿ ಪ್ರತಿ ಸಲವೂ ಇನ್ನಷ್ಟು ದಕ್ಷಿಣದಲ್ಲಿ ಎದ್ದಿತು.