ಹತ್ತು ರೂಪಾಯಿ ಅರ್ಜಿ: ಇಳಕಲ್ ಸೀರೆಯ ಜಿಐ ನನ್ನ ಮಗ್ಗಕ್ಕೆ ಬಂದ ಬಗೆ

ಇಳಕಲ್ ಸೀರೆಗೆ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಗುರುತು, ಇದೆ ಅನ್ನೋದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಬಳಸೋಕೆ ಯಾರಿಗೆ ಹಕ್ಕಿದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಹೆಸರು ನೋಂದಣಿಯಾಗಿ ಹದಿನೈದು ವರ್ಷ ದಾಟಿದೆ. ಆದರೂ ಮಗ್ಗದಲ್ಲಿ ಕೂತವನಿಗೆ ಒಂದು ರೂಪಾಯಿ ಜಾಸ್ತಿ ಸಿಕ್ಕಿರಲಿಲ್ಲ. ನಾನು ಆ ಹೆಸರಿನ ಅಧಿಕೃತ ಬಳಕೆದಾರನಾಗಲು ಅರ್ಜಿ ಹಾಕುತ್ತೇನೆ ಅಂದಾಗ ಕಾಕಾ ನಕ್ಕರು. "ಆ ಹಾಳಿ ತಗೊಂಡು ಏನ್ ಮಾಡ್ತೀಯೋ? ಮಗ್ಗಕ್ಕ ಹಾಸ್ತೀಯೇನು?" ಈಗ ಕಾಕಾನ ಅರ್ಜಿಯೂ ಹೋಗಿದೆ. ಅದನ್ನು ತುಂಬಿಕೊಟ್ಟವನೂ ನಾನೇ.

ಮೊದಲು ದುಡ್ಡಿನ ಮಾತು. ಮನೆಯಲ್ಲಿ ಎರಡು ಕುಣಿಮಗ್ಗ (ಕುಣಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ), ಹೊರಗೆ ಮಜೂರಿಗೆ ನೇಯುವವರದು ನಾಲ್ಕು. ಹತ್ತಿ-ರೇಷ್ಮೆ ಸೀರೆಗೆ ನೂಲು, ಬಣ್ಣ, ಮಜೂರಿ ಎಲ್ಲ ಸೇರಿ ಸುಮಾರು 2,300 ರೂಪಾಯಿ ಬೀಳುತ್ತಿತ್ತು. ಸಗಟು ವ್ಯಾಪಾರಿ ಕೊಡುತ್ತಿದ್ದದ್ದು 2,500, ಬಹಳ ಅಂದರೆ 2,600. ಅದೂ ಉದ್ರಿ. ಪುಣೆ, ಕೊಲ್ಹಾಪುರದ ಕಡೆ ನಮ್ಮ ಸೀರೆ ಉಡುವವರು ಇಂದಿಗೂ ಇದ್ದಾರೆ. ಆದರೆ ಅಲ್ಲಿ ಪವರ್‌ಲೂಮ್ ಮಾಲು ಐದುನೂರು, ಆರುನೂರಕ್ಕೆ ಅದೇ ಹೆಸರಿನಲ್ಲಿ ಸಿಗುತ್ತದೆ. ಪ್ರದರ್ಶನದಲ್ಲಿ ಕೂತರೆ ದಿನವಿಡೀ ಒಂದೇ ಪ್ರಶ್ನೆ: "ಅಲ್ಲಿ ಅಷ್ಟು ಕಡಿಮೆ, ನಿಮ್ಮದ್ಯಾಕೆ ಇಷ್ಟು?"

ಸರ್ಟಿಫಿಕೇಟು ಮಾಡಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಎಂಟು ಸಾವಿರ ಕೇಳಿದ. ಸರ್ಕಾರಿ ಶುಲ್ಕ ಎಷ್ಟು ಗೊತ್ತಾ? ಹತ್ತು ರೂಪಾಯಿ. ಮೊದಲು ಐದುನೂರು ಇತ್ತು, 2020ರ ಆಗಸ್ಟ್‌ನಲ್ಲಿ ನಿಯಮ ಬದಲಾಗಿ ಹತ್ತಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಮೊದಲು ಜಿಐ ಯಾರ ಹೆಸರಿನಲ್ಲಿದೆಯೋ ಅವರ ಜೊತೆ ಸೇರಿಯೇ ಅರ್ಜಿ ಹಾಕಬೇಕಿತ್ತು. ಈಗ ನೇಕಾರನೊಬ್ಬನೇ ಹಾಕಬಹುದು, ಅವರಿಗೆ ಒಂದು ಪ್ರತಿ ಕಳಿಸಿದರೆ ಸಾಕು. ಇದು ಗೊತ್ತಾದ ಮೇಲೇ ನನಗೆ ಧೈರ್ಯ ಬಂದದ್ದು.

ಫಾರಂ ಜಿಐ-3, ಜೊತೆಗೆ ನಾನು ಉತ್ಪಾದಕ ಹೇಗೆ ಅನ್ನುವ ವಿವರ, ಅಫಿಡವಿಟ್. ಹೋಗಬೇಕಾದದ್ದು ಚೆನ್ನೈನ ಜಿಐ ನೋಂದಣಿ ಕಚೇರಿಗೆ. ನೋಟರಿ, ಜೆರಾಕ್ಸ್, ಅಂಚೆ ಎಲ್ಲ ಸೇರಿ ಆರುನೂರೋ ಏಳುನೂರೋ ಆಯಿತು. ಮೊದಲ ಸಲ ಕೆಲಸ ಕೂಡಲಿಲ್ಲ. "ನಮ್ಮಜ್ಜನ ಕಾಲದಿಂದ ನೇಯುತ್ತೇವೆ" ಅಂತ ಬರೆದರೆ ಅದು ಪುರಾವೆ ಆಗುವುದಿಲ್ಲ, ಅಲ್ವಾ? ನೇಕಾರರ ಗುರುತಿನ ಚೀಟಿ, ನೂಲಿನ ಬಿಲ್ಲು, ಮಜೂರಿ ಪುಸ್ತಕದ ಹಾಳೆಗಳು, ಕೊಂಡಿ ಹಾಕುವಾಗಿನ (ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೈಯಿಂದ ಜೋಡಿಸುವಾಗಿನ) ಫೋಟೊ ಎಲ್ಲ ಜೋಡಿಸಿ ಮತ್ತೆ ಕಳಿಸಿದೆ. ಬಿಲ್ಲು ಇಟ್ಟುಕೊಳ್ಳದೆ ನಗದಿನಲ್ಲಿ ನೂಲು ತರುವವರಿಗೆ ತೊಂದರೆ ಆಗುವುದು ಇಲ್ಲೇ.

ಆಮೇಲೆ ಕಾಯುವುದೇ ಕೆಲಸ. ಜರ್ನಲ್‌ನಲ್ಲಿ ಹೆಸರು ಪ್ರಕಟವಾಗುತ್ತದೆ, ತಕರಾರು ಇದ್ದವರಿಗೆ ಮೂರು ತಿಂಗಳು ಸಮಯ. ಯಾರೂ ತಕರಾರು ಮಾಡದಿದ್ದರೆ ನೋಂದಣಿ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಾಲ ಕೊಡುವವನೊಬ್ಬ "ಅದನ್ನ ಅಡ ಇಡ್ತೀಯಾ?" ಅಂತ ಕೇಳಿದ. ಅಡ ಇಡೋಕೂ ಆಗಲ್ಲ, ಮಾರೋಕೂ ಆಗಲ್ಲ. ನಾನು ಹೋದ ಮೇಲೆ ವಾರಸುದಾರರಿಗೆ ಹೋಗುತ್ತದೆ, ಅಷ್ಟೆ.

ಕಾಗದ ಬಂತು, ದುಡ್ಡು ಬರಲಿಲ್ಲ. ಜಿಐ ಗುರುತು ಹಾಕಿ ಹೊಳೆಯುವ ಕಾರ್ಡು ಅಚ್ಚು ಹಾಕಿಸಿದೆ. ಒಂದಕ್ಕೆ ನಾಲ್ಕು ರೂಪಾಯಿಯಂತೆ ಸಾವಿರ ಕಾರ್ಡು. ಒಂದು ಊರಿನ ಅಂಗಡಿಯಲ್ಲಿ ನಮ್ಮ ಕಾರ್ಡುಗಳನ್ನು ಕತ್ತರಿಸಿ ಪವರ್‌ಲೂಮ್ ಸೀರೆಗೆ ಕಟ್ಟಿದ್ದರು! ನಾನೇ ಕಣ್ಣಾರೆ ನೋಡಿದೆ. ಉಳಿದ ಕಾರ್ಡುಗಳು ಇನ್ನೂ ಅಟ್ಟದ ಮೇಲಿವೆ. ಕ್ಯೂಆರ್ ಕೋಡ್ ಕೂಡ ಮಾಡಿಸಿದೆ. ಪ್ರದರ್ಶನದ ಶಾಮಿಯಾನದೊಳಗೆ ನೆಟ್ ಬರೋದಿಲ್ಲ. ಗಿರಾಕಿ ಎರಡು ಸಲ ಮೊಬೈಲ್ ಹಿಡಿದು ನೋಡಿ ಸುಮ್ನೆ ಎದ್ದು ಹೋಗುತ್ತಿದ್ದರು.

ಈಗ ಗುರುತು ಸೀರೆಯ ನೇಯ್ಗೆಯಲ್ಲೇ ಇದೆ. ಎಲ್ಲಿ, ಯಾವ ಎಳೆಯಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ. ನಕಲಿ ಮಾಡುವವರೂ ಓದುತ್ತಾರೆ.

ನಿಜವಾಗಿ ಗಿಟ್ಟಿದ್ದು ಕೊಂಡಿ. ಕೊಂಡಿ ಏನು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ, ಗಿರಾಕಿಗೆ ಹೇಗೆ ತೋರಿಸುತ್ತೇನೆ ಅಂತ ಹೇಳುತ್ತೇನೆ. ಸೆರಗು ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ನಮ್ಮದರಲ್ಲಿ ಸೆರಗಿನ ಹಾಸೂ (ಉದ್ದದ ಎಳೆ) ಕೆಂಪು, ಹೊಕ್ಕೂ (ಅಡ್ಡ ಎಳೆ) ಕೆಂಪು. ಅದಕ್ಕೇ ಬಣ್ಣ ಗಟ್ಟಿ. ಪವರ್‌ಲೂಮಿನಲ್ಲಿ ಮೈಯ ಹಾಸೇ ಸೆರಗಿನೊಳಗೂ ಓಡುತ್ತದೆ, ಹೊಕ್ಕು ಮಾತ್ರ ಕೆಂಪು. ಹಸಿರು ಸೀರೆಯಾದರೆ ಕೆಂಪು ಮಂಕಾಗಿ ಕಾಣುತ್ತದೆ. ಎರಡನ್ನೂ ಪಕ್ಕದಲ್ಲಿ ಇಟ್ಟು ತೋರಿಸಿದರೆ ಆಮೇಲೆ ರೇಟಿನ ಮಾತು ಬರುವುದಿಲ್ಲ. ಅದಕ್ಕೆಂದೇ ಒಂದು ನಕಲಿ ಸೀರೆ ಕೊಂಡು ಇಟ್ಟಿದ್ದೇನೆ. ನನ್ನ ಅತಿ ಒಳ್ಳೆಯ ಬಂಡವಾಳ ಅದು. ಇದೆಲ್ಲ ತೋರಿಸಿದ ಮೇಲೆ ಕೊನೆಗೆ ನೋಂದಣಿ ಕಾಗದ. ಮೊದಲೇ ಕಾಗದ ಹಿಡಿದರೆ ಯಾರೂ ನೋಡುವುದಿಲ್ಲ.

ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಸಾಲದಾ ಅಂತ ಕೇಳುತ್ತಾರೆ. ಅದು ಕೈಮಗ್ಗದ್ದು ಅಂತ ಹೇಳುತ್ತದೆ, ಇಳಕಲ್ಲಿನದು ಅಂತ ಹೇಳುವುದಿಲ್ಲ. ನಾನು ಎರಡೂ ಹಾಕುತ್ತೇನೆ.

ಈಗ ಅದೇ ಸೀರೆ ನೇರವಾಗಿ 3,400, 3,500ಕ್ಕೆ ಹೋಗುತ್ತದೆ. ಮಾಲಿನ ಅರ್ಧದಷ್ಟು ವ್ಯಾಪಾರಿಯ ಕೈಗೆ ಹೋಗದೆ ಮಾರಾಟವಾಗುತ್ತಿದೆ. ಮಜೂರಿ ಒಂದು ಸೀರೆಗೆ ಇನ್ನೂರು ಜಾಸ್ತಿ ಮಾಡಿದ್ದೇನೆ. ನಮ್ಮ ಕಡೆ ಸದ್ಯಕ್ಕೆ ಇಷ್ಟು ಕೊಡುವವರು ಕಡಿಮೆ ಅಂತ ಧೈರ್ಯವಾಗಿ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಬಾಗಲಕೋಟೆ ಕಡೆ ದಾಳಿಂಬೆಗೆ ಬರವಿಲ್ಲ, ಸಿಪ್ಪೆಯಲ್ಲಿ ಹತ್ತಿ ನೂಲಿಗೆ ಬಣ್ಣ ಹಾಕಿದೆ. ಹಳದಿ ಚೆನ್ನಾಗಿ ಬಂತು. ಆದರೆ ಪ್ರತಿ ಸಲವೂ ಬೇರೆ ಹಳದಿ. ಫೋಟೊದಲ್ಲಿದ್ದ ಬಣ್ಣವೇ ಬೇಕು ಅಂತ ಗಿರಾಕಿಗಳು ವಾಪಸ್ ಕಳಿಸಿದರು, ನಿಲ್ಲಿಸಿದೆ. ಗುಳೇದಗುಡ್ಡದ ಖಣದಿಂದ ಸೀರೆ ಇಡುವ ಚೀಲ ಹೊಲಿಸಿದೆ. ಸೀರೆ ಬೇಡ, ಚೀಲ ಕೊಡಿ ಅನ್ನುವವರೇ ಬಂದರು. ಈಗ ಚೀಲಕ್ಕೂ ಬೇರೆ ರೇಟು.

ನಕಲಿ ತಡೆಯುವ ವಿಷಯ. ಕಾನೂನಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ ಎರಡು ಲಕ್ಷ ದಂಡ ಇದೆ. ಜಪ್ತಿ ಮಾಡಬೇಕಾದರೆ ಡಿವೈಎಸ್‌ಪಿಗಿಂತ ಕೆಳಗಿನವರು ಬರುವಂತಿಲ್ಲ, ಅದೂ ಜಿಐ ರಿಜಿಸ್ಟ್ರಾರ್ ಅಭಿಪ್ರಾಯ ಕೇಳಿಯೇ. ನಾನು ಅಲ್ಲಿಯವರೆಗೆ ಹೋಗಲಿಲ್ಲ. ವಕೀಲರ ನೋಟಿಸಿಗೆ ಇಪ್ಪತ್ತೈದು ಸಾವಿರ ಅಂದರು, ಕೈಬಿಟ್ಟು ನಾನೇ ಪತ್ರ ಬರೆದೆ. ಒಂದು ಅಂಗಡಿ ಬೋರ್ಡಿನಿಂದ "ಇಳಕಲ್ ಕೈಮಗ್ಗ" ತೆಗೆಯಿತು. ಪತ್ರದಲ್ಲಿ ಏನು ಬರೆದೆ ಅಂತ ಬೇಕಾದವರು ಮನೆಗೆ ಬಂದು ಕೇಳಿ. ಆನ್‌ಲೈನ್‌ನಲ್ಲಿ ಒಂದು ನಕಲಿ ಮಾಲು ತೆಗೆಸಿದೆ. ಅದೇ ಫೋಟೊ ಬೇರೆ ಹೆಸರಿನಲ್ಲಿ ಸ್ವಲ್ಪ ದಿನಕ್ಕೇ ಮತ್ತೆ ಬಂತು. ಅದರ ಹಿಂದೆ ಓಡುವುದರಲ್ಲಿ ಅರ್ಥ ಇಲ್ಲ.

ಒಂದು ವಿಷಯ ಬೇಗ ತಿಳಿದುಕೊಳ್ಳಿ. ಈ ಕಾನೂನಿನಲ್ಲಿ ಕರಕುಶಲ ವಸ್ತುವಿನ "ಉತ್ಪಾದಕ" ಅಂದರೆ ಮಾಡುವವನಷ್ಟೇ ಅಲ್ಲ, ವ್ಯಾಪಾರ ಮಾಡುವವನೂ ಸೇರುತ್ತಾನೆ. ಬಿಲ್ಲು, ಪುಸ್ತಕ ಎಲ್ಲ ಸರಿಯಾಗಿ ಇಟ್ಟಿರುವುದು ವ್ಯಾಪಾರಿಯೇ. ನಮ್ಮವರು ತಡ ಮಾಡಿದರೆ ಪಟ್ಟಿಯಲ್ಲಿ ಅವರೇ ತುಂಬುತ್ತಾರೆ. ನಮ್ಮ ಮನೆಯಲ್ಲಿ ಕೊಂಡಿ ಹಾಕುವ ಹೆಂಗಸರ ಅರ್ಜಿ ಈಗ ತಯಾರು ಮಾಡುತ್ತಿದ್ದೇನೆ. ಅವರ ಹೆಸರಿನಲ್ಲಿ ನೂಲಿನ ಬಿಲ್ಲೇ ಇಲ್ಲ. ಹಾಗಾಗಿ ಈ ವರ್ಷದಿಂದ ಕೊಂಡಿಯ ಮಜೂರಿಯನ್ನು ಬೇರೆಯಾಗಿ, ಅವರವರ ಹೆಸರಿಗೆ ಬ್ಯಾಂಕಿನಲ್ಲೇ ಹಾಕುತ್ತಿದ್ದೇನೆ. ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿ ಮಳೆಗಾಲ ಮುಗಿಯುವುದರೊಳಗೆ ಕಳಿಸಬೇಕು.