ಹಲ್ಲೆಲ್ಲ ಕೀಳಿಸಿದ ಮೇಲೆ ಸಜ್ಜೆ ಉಂಡ ಬಗೆ

“ಹಲ್ಲಿಲ್ಲದ ಬೆಕ್ಕನ್ನು ಹಿಟ್ಟಿನ ಗಿರಣಿಯಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ ಕಾಕಾ?” ಜೋಳ ಬೀಸಿಸಲು ಬಂದವರೆಲ್ಲ ಕಳೆದ ಮಳೆಗಾಲದುದ್ದಕ್ಕೂ ಇದನ್ನೇ ಕೇಳಿದರು. ಬೆಳಗಾವಿಯ ವಡಗಾವಿಯಲ್ಲಿರುವ ನನ್ನ ಗಿರಣಿಯಲ್ಲಿ ಈ ಬೆಕ್ಕು ಐದು ವರ್ಷಗಳಿಂದ ಇದೆ. ಮೈಬಣ್ಣ ಸಜ್ಜೆ ಕಾಳಿನದು, ಹೆಸರೂ ಸಜ್ಜೆಯೇ. ಈಗ ಅದರ ಬಾಯಲ್ಲಿ ಒಂದು ಹಲ್ಲೂ ಇಲ್ಲ, ತೂಕ ಮಾತ್ರ ಮೂರೂವರೆ ಕಿಲೋ ದಾಟಿದೆ. ಕೇಳಿದವರಿಗೆಲ್ಲ ಒಂದೇ ಸಲ ಉತ್ತರ ಹೇಳಿಬಿಡೋಣವೆಂದು ಬರೆಯುತ್ತಿದ್ದೇನೆ.

ಸಜ್ಜೆಗೆ ಬಾಯಿಯುರಿ ಹತ್ತಿತ್ತು, ಅಂದರೆ ಒಸಡು, ಬಾಯಿ ಎಲ್ಲ ಕೆಂಪಾಗಿ ಬಾತು ನೋಯುವ ರೋಗ. ಅಂಥ ಬೆಕ್ಕನ್ನು ಸಾಕಿದವರಿಗೆ ಲಕ್ಷಣಗಳನ್ನು ವಿವರಿಸಬೇಕಿಲ್ಲ. ಜೊಲ್ಲು, ನಾತ, ತಟ್ಟೆಯವರೆಗೆ ಬಂದು ಒಂದು ತುತ್ತಿಗೇ ಚೀರಿ ಓಡಿಹೋಗುವುದು. ಸುಮಾರು ಒಂದು ವರ್ಷ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಿಸಿದೆ, ಸಲಕ್ಕೆ 400 ರೂಪಾಯಿಯ ಆಸುಪಾಸು. ಮೂರು ವಾರ ಚೆನ್ನಾಗಿ ಉಣ್ಣುತ್ತಿತ್ತು, ನಾಲ್ಕನೆಯ ವಾರ ಮತ್ತೆ ಮೊದಲಿನಂತೆಯೇ. ಆಮೇಲೆ, ಹಲ್ಲು ಕಿತ್ತರೆ ಉರಿ ತಗ್ಗಬಹುದೆಂದು, ಒಂದು ಕಡೆ ದವಡೆ ಹಲ್ಲುಗಳನ್ನು ಕೀಳಿಸಿದೆ, 7,000 ಹೋಯಿತು. ಎಕ್ಸ್‌ರೇ ತೆಗೆದಿರಲಿಲ್ಲ, ಬೇರಿನ ಚೂರುಗಳು ಒಸಡಿನೊಳಗೇ ಉಳಿದಿದ್ದವು. ಎರಡು ತಿಂಗಳಿಗೆ ಒಸಡು ಬಾತು ಕೀವು ಕಟ್ಟಿತು. ಬೇರು ಉಳಿದರೆ ಹಲ್ಲು ಕಿತ್ತದ್ದು ಲೆಕ್ಕಕ್ಕಿಲ್ಲ.

ಎರಡನೆಯ ಸಲ, ಹಲ್ಲಿನ ಎಕ್ಸ್‌ರೇ ಇರುವ ಕಡೆಗೇ ಹೋಗಬೇಕೆಂದು ಹಟ ಹಿಡಿದು ಪುಣೆಗೆ ಹೋದೆ. ರಕ್ತ ಪರೀಕ್ಷೆ, ಅರಿವಳಿಕೆ, ಉಳಿದ ಹಲ್ಲು, ಬೇರು ಎಲ್ಲ ಸೇರಿ ಸುಮಾರು 22,000. ಬಾಡಿಗೆ ಕಾರಿಗೆ ಬೇರೆ 9,000. “ಈ ದುಡ್ಡಿಗೆ ಒಂದು ಎಮ್ಮೆಕರು ಬರುತ್ತಿತ್ತು” ಎಂದಳು ಹೆಂಡತಿ. ಬರುತ್ತಿತ್ತು, ಸುಳ್ಳಲ್ಲ. ಆದರೆ ಎಮ್ಮೆಕರು ಇಲಿ ಹಿಡಿಯುವುದಿಲ್ಲ.

ಮೊದಲ ಸಲ ಹಲ್ಲು ಕೀಳಿಸಿದಾಗ ಉಣಿಸುವುದರಲ್ಲಿಯೂ ನಾನು ಎಡವಿದ್ದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಗಂಜಿ ತುಂಬಿ, ಬೆಕ್ಕನ್ನು ಗೋಣಿಚೀಲದಲ್ಲಿ ಸುತ್ತಿ ಬಾಯಿಗೆ ಹಾಕುತ್ತಿದ್ದೆ. ಮೂರನೆಯ ದಿನಕ್ಕೆ ಸಿರಿಂಜ್ ಕಂಡರೆ ಸಾಕು, ಚೀಲಗಳ ಸಂದಿಗೆ ನುಗ್ಗುತ್ತಿತ್ತು. ಅಷ್ಟೇ ಅಲ್ಲ, ತಟ್ಟೆಯಲ್ಲಿ ಅದೇ ಗಂಜಿ ಇಟ್ಟರೂ ಮುಖ ತಿರುಗಿಸುತ್ತಿತ್ತು. ತೂಕ 3.2 ಕಿಲೋದಿಂದ 2.6ಕ್ಕೆ ಇಳಿಯಿತು. ಗಿರಣಿಯ ತಕ್ಕಡಿಯಲ್ಲಿ ಬುಟ್ಟಿ ಇಟ್ಟು ದಿನವೂ ತೂಗುತ್ತಿದ್ದೆನಾದ್ದರಿಂದ ಈ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇದೆ.

ಆದ್ದರಿಂದ ಎರಡನೆಯ ಸಲ ಒತ್ತಾಯವನ್ನೇ ಬಿಟ್ಟೆ. “ಬಾಯಿಗೆ ಹಾಕದಿದ್ದರೆ ಸತ್ತೇ ಹೋಗುತ್ತದೆ” ಎಂದು ಬೈದವರು ಒಬ್ಬಿಬ್ಬರಲ್ಲ. ನಾನು ಹಿಡಿದ ದಾರಿ ಇಷ್ಟೇ: ಮೊದಲು ನೋವು, ಆಮೇಲೆ ಊಟ. ವೈದ್ಯರು ಅಳೆದು ಕೊಟ್ಟಿದ್ದ ಬ್ಯುಪ್ರೆನಾರ್ಫಿನ್ ಎಂಬ ನೋವಿನ ಔಷಧದ ಹನಿಗಳನ್ನು ಕೆನ್ನೆಯೊಳಗೆ ಬಿಟ್ಟು, ಅರ್ಧ ಮುಕ್ಕಾಲು ತಾಸು ಕಾದು, ಆಮೇಲೆ ತಟ್ಟೆ ಇಡುತ್ತಿದ್ದೆ. ಊಟ ಇಟ್ಟ ಮೇಲೆ ಔಷಧ ಕೊಡಲು ಹೋದರೆ ಎರಡೂ ಕೆಡುತ್ತವೆ. ಒಂದಿಡೀ ದಿನ ಏನನ್ನೂ ಮುಟ್ಟದಿದ್ದರೆ ಫೋನ್ ಮಾಡಬೇಕು ಎಂಬ ಗಡುವು ಇತ್ತು. ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಗಡುವಿಗೆ ನಾಲ್ಕು ತಾಸು ಉಳಿದಿರುವಾಗ, ರಾತ್ರಿ ಎರಡರ ಸುಮಾರಿಗೆ, ತಟ್ಟೆ ನೆಕ್ಕುವ ಸದ್ದು ಕೇಳಿಸಿತು. ನಾನು ಕತ್ತಲಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನೋವಿಗೆಂದು ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಕೊಡಲು ಒಬ್ಬರು ಹೇಳಿದ್ದರು. ಬೆಕ್ಕಿಗೆ ಅದು ವಿಷ, ಚೂರೂ ಬೇಡ.

ಕೋಳಿಯ ಎದೆಮಾಂಸ, ಸಣ್ಣ ತುಂಡು ಲಿವರ್, ಬೇಯಿಸಿದ ನೀರು ಎಲ್ಲವನ್ನೂ ಮಿಕ್ಸಿಯಲ್ಲಿ ಅಂಬಲಿಯ ಹದಕ್ಕೆ ತಂದು, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು, ಮಣಿಕಟ್ಟಿಗೆ ಉಗುರುಬೆಚ್ಚಗೆನಿಸಿದಾಗ ಅಂಚಿಲ್ಲದ ತಟ್ಟೆಗೆ ಸುರಿಯುತ್ತಿದ್ದೆ. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಬೆಕ್ಕು ಏಳುವುದಿಲ್ಲ. ಸಲಕ್ಕೆ ಎರಡು ಚಮಚ, ದಿನಕ್ಕೆ ಆರೇಳು ಸಲ. ನೆರೆಮನೆಯ ಅಕ್ಕ ಮಮತೆಯಿಂದ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಸಾರು ಮಾಡಿ ಕಳಿಸಿದ್ದರು. ಅವೂ ಬೆಕ್ಕಿಗೆ ಆಗವು. ಅದನ್ನು ನಾನೇ ರೊಟ್ಟಿಯೊಂದಿಗೆ ಉಂಡೆ, ಚೆನ್ನಾಗಿತ್ತು. ಬಂಗಡೆಯನ್ನು ಬೇಯಿಸಿ ಮುಳ್ಳು ಆರಿಸಿ ಕೊಟ್ಟದ್ದು ಎಲ್ಲಕ್ಕಿಂತ ಬೇಗ ಖಾಲಿಯಾಯಿತು. ಹಾಲಿನಿಂದ ಹೊಟ್ಟೆ ಕೆಟ್ಟಿತು. ಗಿರಣಿಯವನಲ್ಲವೇ, ಜೋಳದ ಅಂಬಲಿಯನ್ನೂ ಬೆರೆಸಿ ನೋಡಿದೆ. ಮೂಸಿ ನೋಡಿ, ಮಲ ಮುಚ್ಚುವ ಹಾಗೆ ಸುತ್ತಲಿನ ನೆಲ ಕೆರೆದು ಹೋಯಿತು.

ಹದಿನೈದು ದಿನ ಗಿರಣಿಗೆ ಬಿಡಲಿಲ್ಲ, ಹಿಟ್ಟಿನ ಧೂಳು ಒಸಡಿನ ಹೊಲಿಗೆಗೆ ಕೂಡದು. ಹಿಂದಿನ ಕೋಣೆಯಲ್ಲಿ ಮರಳಿನ ಬದಲು ಹರಿದ ಪತ್ರಿಕೆಗಳನ್ನು ಇಟ್ಟೆ. ಹೊಲಿಗೆ ತಾನಾಗಿ ಕರಗುವಂಥದು, ಮೂರು ವಾರ ಹಿಡಿಯಿತು. ಆ್ಯಂಟಿಬಯಾಟಿಕ್ ಮಾತ್ರೆ ನುಂಗಿಸಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿಯೇ ಓಣಿಯವರು ನನ್ನನ್ನು ಕರೆಯುತ್ತಾರೆ, ಚಹಾ ಸಿಗುತ್ತದೆ.

ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಹಲ್ಲೆಲ್ಲ ಕಿತ್ತರೂ ಕೆಲವು ಬೆಕ್ಕುಗಳಿಗೆ ಔಷಧ ಮುಂದುವರಿಸಬೇಕಾಗುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಸಜ್ಜೆಯ ಗಂಟಲ ಬಳಿ ಎಡಕ್ಕೆ ಇನ್ನೂ ಸ್ವಲ್ಪ ಕೆಂಪಿದೆ. ಆದರೆ ಜೊಲ್ಲು ನಿಂತಿದೆ, ಎರಡನೆಯ ತಿಂಗಳಿನಿಂದ ಒಣ ಆಹಾರದ ಕಾಳುಗಳನ್ನೂ ಹಾಗೆಯೇ ನುಂಗುತ್ತಿದೆ.

ಇಲಿಯ ವಿಷಯ. ದೀಪಾವಳಿಯ ಆಸುಪಾಸಿಗೆ ಗೋಧಿ ಚೀಲದ ಹಿಂದಿನಿಂದ ಒಂದನ್ನು ಎರಡೂ ಪಂಜಗಳಲ್ಲಿ ಅದುಮಿ ಹಿಡಿದು ನನ್ನತ್ತ ನೋಡಿತು. ಕೊಲ್ಲಲು ಹಲ್ಲಿಲ್ಲ, ಬಿಡಲು ಮನಸ್ಸಿಲ್ಲ. ಅಂದಿನಿಂದ ತಕ್ಕಡಿಯ ಪಕ್ಕದಲ್ಲಿ ಒಂದು ಪೊರಕೆ ಇಟ್ಟುಕೊಂಡಿದ್ದೇನೆ.