ಶೆವ್ರೊಲೆ 350: ಇನ್‌ಟೇಕ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ಪತ್ತೆ ಮಾಡಿ ಬದಲಿಸುವುದು ಹೇಗೆ?

ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ–ಪೆಟ್ರೋಲ್ ಹಂಚುವ ಭಾಗದ) ಗ್ಯಾಸ್ಕೆಟ್, ಅಂದರೆ ಸೋರದಂತೆ ತಡೆಯುವ ಪದರ, ವಯಸ್ಸಾಗಿ ಹೋಗುವುದು ಸ್ಟಾಕ್ (ಕಾರ್ಖಾನೆಯಿಂದ ಬಂದ ಹಾಗೇ ಇರುವ) ಎಂಜಿನ್ನಿನಲ್ಲಿ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಫೇಸಿಂಗ್, ಅಂದರೆ ಅದರ ತಳ ಕೊರೆದು ಸಮಗೊಳಿಸುವ ಕೆಲಸ ಮಾಡಿಸಿ, ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿ, ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕೂರಿಸಿದ ಎಂಜಿನ್ನಿನಲ್ಲಿ ಅದು ಹೋಗಿದ್ದರೆ ಬಹುತೇಕ ಬೇರೆಯೇ ಕಾರಣವಿರುತ್ತದೆ. ಆ ಕಾರಣ ಹುಡುಕದೆ ಹೊಸದನ್ನು ಹಾಕಿದರೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಇಲ್ಲಿ ತೆಗೆದುಕೊಂಡಿರುವುದು ಶೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8. 1955ರಲ್ಲಿ 265 ಘನ ಇಂಚಿನ ಎಂಜಿನ್ ಆಗಿ ಬಂದ ಇದು 1967ರ ಕಮಾರೊದಲ್ಲಿ 350 ಘನ ಇಂಚಿಗೆ, ಅಂದರೆ 5.7 ಲೀಟರಿಗೆ ಬೆಳೆಯಿತು. ಅಮೆರಿಕದಲ್ಲಿ ಮನೆ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸುವ ವಿ8ಗಳಲ್ಲಿ ಇದಕ್ಕೆ ಹಿರಿಯ ಸ್ಥಾನ. ಕಾರ್ಬುರೇಟರ್ ಇರುವ, 12 ಬೋಲ್ಟಿನ ಮ್ಯಾನಿಫೋಲ್ಡಿನ ಎಂಜಿನ್ನಿಗೆ ಕೆಳಗಿನ ವಿವರ ಹೊಂದುತ್ತದೆ.

ಈ ಮ್ಯಾನಿಫೋಲ್ಡ್ ಮಾಡುವ ಕೆಲಸ ಒಂದೆರಡಲ್ಲ. ಎಂಟು ಪೋರ್ಟುಗಳಿಗೆ (ಹೆಡ್ಡಿನ ಗಾಳಿದಾರಿಗಳಿಗೆ) ಗಾಳಿ–ಪೆಟ್ರೋಲ್ ಹಂಚುತ್ತದೆ. ಮುಂದಿನ ಮೂಲೆಗಳಿಂದ ಕೂಲಂಟನ್ನು ಥರ್ಮೋಸ್ಟಾಟ್‌ಗೆ ಒಯ್ಯುತ್ತದೆ. ಎರಡು ಹೆಡ್ಡುಗಳ ನಡುವಿನ ತಗ್ಗಾದ ಲಿಫ್ಟರ್ ವ್ಯಾಲಿಗೆ ಮುಚ್ಚಳವೂ ಅದೇ. ನಡುವೆ, ಕಾರ್ಬುರೇಟರಿನ ಕೆಳಗೆ, ಬಿಸಿ ಎಕ್ಸಾಸ್ಟ್ ಹಾಯುವ ದಾರಿ ಬೇರೆ. ಹಾಗಾಗಿ ಗ್ಯಾಸ್ಕೆಟ್ ಎಲ್ಲಿ ಹರಿಯಿತು ಎಂಬುದರ ಮೇಲೆ ಗಾಳಿ, ನೀರು, ಆಯಿಲ್, ಹೊಗೆ ಯಾವುದು ಬೇಕಾದರೂ ಸೋರಬಹುದು.

ಮೊದಲು ರೋಗ ಯಾವುದೆಂದು ತಿಳಿಯಿರಿ

ಹೊರಗಿನಿಂದ ಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್ ಏರಿಳಿಯುತ್ತದೆ, ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಸರಿಹೋಗುವುದಿಲ್ಲ, ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ತಡವಾಗಿ ಇಳಿಯುತ್ತದೆ. ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ. ಸ್ಟಾಕ್ ಕ್ಯಾಮ್ ಇದ್ದರೆ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ಪಾದರಸ ಬರಬೇಕು. ದೊಡ್ಡ ಕ್ಯಾಮ್ ಇರುವ ಎಂಜಿನ್ 10ರಿಂದ 15 ತೋರಿಸಿದರೂ ಅದು ಆರೋಗ್ಯವಾಗಿಯೇ ಇರಬಹುದು. ಪರ್ಫಾರ್ಮೆನ್ಸ್ ಎಂಜಿನ್ನಿನಲ್ಲಿ ಪುಸ್ತಕದ ಅಂಕಿಯನ್ನು ನಂಬಿ ಪ್ರಯೋಜನವಿಲ್ಲ. ಎಂಜಿನ್ ಚೆನ್ನಾಗಿದ್ದಾಗಿನ ರೀಡಿಂಗನ್ನು ಬರೆದಿಟ್ಟಿದ್ದರೆ ಅದಕ್ಕೆ ಹೋಲಿಸಿ. ಮುಳ್ಳು ಅಲುಗದೆ ಮೂರ್ನಾಲ್ಕು ಇಂಚು ಕೆಳಗೆ ನಿಂತಿದ್ದರೆ ಲೀಕ್ ಇರಬಹುದು, ಟೈಮಿಂಗ್ ಹಿಂದೆ ಬಿದ್ದಿದ್ದರೂ ಹಾಗೆಯೇ ನಿಲ್ಲುತ್ತದೆ. ಆದ್ದರಿಂದ ಟೈಮಿಂಗ್ ಲೈಟ್ ಹಿಡಿದು ನೋಡಿದ ನಂತರವೇ ಮ್ಯಾನಿಫೋಲ್ಡಿನ ಮೇಲೆ ಅನುಮಾನ ಪಡಿ.

ಜಾಗ ಹುಡುಕಲು, ಹೊತ್ತಿಸದ ಪ್ರೊಪೇನ್ ಟಾರ್ಚಿಗೆ ರಬ್ಬರ್ ಪೈಪ್ ಸಿಕ್ಕಿಸಿ ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿ. ಲೀಕ್ ಇರುವಲ್ಲಿ ಆರ್‌ಪಿಎಂ ಬದಲಾಗುತ್ತದೆ. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವವರೇ ಹೆಚ್ಚು. ಆದರೆ ಅದು ಬಿಸಿ ಹೆಡರ್ (ಎಕ್ಸಾಸ್ಟ್ ಪೈಪ್) ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಪ್ರೊಪೇನ್ ಕೂಡ ಉರಿಯುವ ವಸ್ತುವೇ, ಅಗ್ನಿಶಾಮಕ ಕೈಗೆಟಕುವಂತಿರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ. ಕಾರ್ಬುರೇಟರಿನ ಬುಡ, ಬ್ರೇಕ್ ಬೂಸ್ಟರಿನ ಪೈಪ್, ಬಳಸದ ವ್ಯಾಕ್ಯೂಮ್ ನಿಪ್ಪಲ್‌ಗಳ ಒಡೆದ ರಬ್ಬರ್ ಟೋಪಿ, ಇವನ್ನೂ ಅದೇ ಸುತ್ತಿನಲ್ಲಿ ನೋಡಿ. ಚಿಲ್ಲರೆ ಖರ್ಚಿನ ಟೋಪಿಗಾಗಿ ಮ್ಯಾನಿಫೋಲ್ಡ್ ಬಿಚ್ಚುವುದು ಬೇಡ.

ಯಾವ ಸ್ಪ್ರೇಗೂ ಸಿಗದ ಲೀಕ್ ಒಂದಿದೆ. ಪೋರ್ಟಿನ ಕೆಳ ಅಂಚಿನಲ್ಲಿ ಗ್ಯಾಸ್ಕೆಟ್ ಹೋದರೆ ಗಾಳಿ ಬರುವುದು ಲಿಫ್ಟರ್ ವ್ಯಾಲಿಯಿಂದ, ಜೊತೆಗೆ ಆಯಿಲನ್ನೂ ಎಳೆದುಕೊಂಡು. ಗಾಡಿ ನೀಲಿ ಹೊಗೆ ಬಿಡುತ್ತದೆ, ಕಂಪ್ರೆಷನ್ ಮಾತ್ರ ಸರಿಯಾಗಿರುತ್ತದೆ. ಇಂಥಲ್ಲಿ ಪಿಸ್ಟನ್ ರಿಂಗ್ ಹೋಗಿದೆ ಎಂದು ಎಂಜಿನ್ ಇಳಿಸುವವರಿದ್ದಾರೆ. ಪರೀಕ್ಷೆ ಸುಲಭ: ಪಿಸಿವಿ ಪೈಪ್ (ಎಂಜಿನ್ ಒಳಗಿನ ಅನಿಲವನ್ನು ಕಾರ್ಬುರೇಟರಿಗೆ ಒಯ್ಯುವ ಪೈಪ್) ಕಳಚಿ ಕಾರ್ಬುರೇಟರ್ ಕಡೆಯ ತೂತನ್ನು ಮುಚ್ಚಿ, ಬ್ರೀದರ್‌ಗಳನ್ನೂ (ಎಂಜಿನ್ನಿನ ಗಾಳಿಕಿಂಡಿಗಳನ್ನೂ) ಮುಚ್ಚಿ, ಐಡ್ಲಿಂಗಿನಲ್ಲಿ ಆಯಿಲ್ ಹಾಕುವ ಬಾಯಿಯ ಮೇಲೆ ದಪ್ಪ ಕಾಗದ ಇಡಿ. ರಿಂಗ್ ದಾಟಿ ಬರುವ ಗಾಳಿಯಿಂದ ಕಾಗದ ಸ್ವಲ್ಪ ಮೇಲೇಳಬೇಕು. ಒಳಕ್ಕೆ ಎಳೆದುಕೊಂಡು ಅಂಟಿ ನಿಂತರೆ ಪೋರ್ಟು ವ್ಯಾಲಿಯಿಂದ ಉಸಿರಾಡುತ್ತಿದೆ ಎಂದೇ ಅರ್ಥ. ಆಮೇಲೆ ಪ್ಲಗ್ ಬಿಚ್ಚಿ ನೋಡಿ. ಈ ಹೆಡ್ಡಿನಲ್ಲಿ ಇನ್‌ಟೇಕ್ ಪೋರ್ಟುಗಳು ಜೋಡಿಜೋಡಿಯಾಗಿವೆ: ಎಡಗಡೆ 1–3 ಮತ್ತು 5–7, ಬಲಗಡೆ 2–4 ಮತ್ತು 6–8. ಅಕ್ಕಪಕ್ಕದ ಜೋಡಿಯ ಪ್ಲಗ್‌ಗಳಷ್ಟೇ ಆಯಿಲಿನಿಂದ ಒದ್ದೆಯಾಗಿದ್ದರೆ ಜಾಗವೂ ಸಿಕ್ಕಂತಾಯಿತು.

ನೀರಿನ ಲೀಕ್ ಮೂಲೆಗಳಲ್ಲಿ. ಹೊರಗೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ಒಳಗೆ ಸೋರಿದರೆ ಡಿಪ್‌ಸ್ಟಿಕ್ ಮೇಲಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ತಣ್ಣಗಿನ ಎಂಜಿನ್ನಿಗೆ ಕೂಲಿಂಗ್ ಪ್ರೆಷರ್ ಟೆಸ್ಟರ್ ಹಾಕಿ, ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟು, ಸಾಮಾನ್ಯವಾಗಿ 15 ಪಿಎಸ್‌ಐ, ಒತ್ತಡ ಕೊಟ್ಟು ಕಾಲು ಗಂಟೆ ಕಾಯಿರಿ. ಹೆಡ್ ಗ್ಯಾಸ್ಕೆಟ್ ಹೋದರೂ ಇದೇ ಲಕ್ಷಣ ಬರುವುದರಿಂದ ರೇಡಿಯೇಟರ್ ಬಾಯಲ್ಲಿ ಬ್ಲಾಕ್ ಟೆಸ್ಟ್ ದ್ರವವನ್ನೂ ಹಿಡಿದು ನೋಡಿ. ನೀಲಿ ದ್ರವ ಹಳದಿಯಾದರೆ ದಹನದ ಅನಿಲ ಕೂಲಂಟಿಗೆ ಸೇರುತ್ತಿದೆ, ತಪ್ಪು ಇನ್‌ಟೇಕ್‌ನದ್ದಲ್ಲ.

ಇನ್ನು ವ್ಯಾಲಿಯ ಹಿಂದಿನ ಅಡ್ಡಗೋಡೆಯ (ಮ್ಯಾನಿಫೋಲ್ಡ್ ತಳದ ಕೆಳಗಿನ ಬ್ಲಾಕಿನ ಅಂಚಿನ) ಸೀಲ್. ಬ್ಲಾಕಿನ ಹಿಂಬದಿಯಲ್ಲಿ ಸೋರಿದ ಆಯಿಲ್ ಬೆಲ್ ಹೌಸಿಂಗ್ ಮೇಲೆ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ಸೀಲ್) ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸುತ್ತಾರೆ. ಮೊದಲು ಡಿಸ್ಟ್ರಿಬ್ಯೂಟರಿನ ಹಿಂದೆ ಕೈ ಹಾಕಿ ಸವರಿ ನೋಡಿ. ಬೆರಳಿಗೆ ಆಯಿಲ್ ಹತ್ತಿದರೆ ಸೋರಿಕೆ ಮೇಲಿನಿಂದಲೇ.

ಏನೇನು ತರಬೇಕು

ಗ್ಯಾಸ್ಕೆಟನ್ನು ಹೆಡ್ಡಿನ ಪೋರ್ಟ್ ಅಳೆದು ಕೊಳ್ಳಿ. ಫೆಲ್‌ಪ್ರೊ ಕಂಪನಿಯ 1205 ಗ್ಯಾಸ್ಕೆಟಿನ ಕಿಂಡಿ ಸುಮಾರು 32.5 × 53 ಮಿಲಿಮೀಟರ್, 1206ರದ್ದು 34 × 56. ಪೋರ್ಟಿಗಿಂತ ಕಿಂಡಿ ತುಸು ದೊಡ್ಡದಿದ್ದರೆ ತೊಂದರೆಯಿಲ್ಲ. ಚಿಕ್ಕದಿದ್ದರೆ ಅಂಚು ಗಾಳಿಯ ದಾರಿಗೆ ಚಾಚಿಕೊಳ್ಳುತ್ತದೆ. ತೀರಾ ದೊಡ್ಡದಾದರೆ ಜೋಡಿ ಪೋರ್ಟುಗಳ ನಡುವಿನ ಪಟ್ಟಿ ತೆಳ್ಳಗಾಗಿ ಅಲ್ಲೇ ಹರಿಯುತ್ತದೆ.

ಇದರ ಜೊತೆಗೆ ಆಯಿಲ್ ತಡೆಯುವ ಕಪ್ಪು ಆರ್‌ಟಿವಿ ಸಿಲಿಕೋನ್, ಥ್ರೆಡ್ ಸೀಲಂಟ್, ಥರ್ಮೋಸ್ಟಾಟ್ ಹೌಸಿಂಗ್, ಕಾರ್ಬುರೇಟರ್ ಬುಡ ಮತ್ತು ಡಿಸ್ಟ್ರಿಬ್ಯೂಟರಿನ ಗ್ಯಾಸ್ಕೆಟ್‌ಗಳು, ಕೂಲಂಟ್, ಆಯಿಲ್ ಫಿಲ್ಟರ್, 5 ಕ್ವಾರ್ಟ್ ಆಯಿಲ್, ಟಾರ್ಕ್ ರೆಂಚ್, ಫೀಲರ್ ಗೇಜ್, ಉಕ್ಕಿನ ನೇರಪಟ್ಟಿ, 3/8–16 ಅಳತೆಯ ಟ್ಯಾಪ್ ಬೇಕು.

ಬೇರೆ ಕಾರಿನ ಮ್ಯಾನಿಫೋಲ್ಡ್ ತಂದು ಹಾಕುವವರು ಹೆಡ್ಡಿನ ವರ್ಷ ನೋಡಿಕೊಳ್ಳಬೇಕು. 1987ರಿಂದ ಬಂದ ಹೆಡ್‌ಗಳಲ್ಲಿ ಪ್ರತಿ ಬದಿಯ ನಡುವಿನ ಎರಡು ಬೋಲ್ಟುಗಳ ಕೋನ ಬೇರೆ. ಹಳೆಯ ಮ್ಯಾನಿಫೋಲ್ಡಿನಲ್ಲಿ ಅವು ಓರೆಯಾಗಿ ಕೂತು, ಬಿಗಿಯಾದಂತೆ ತೋರಿದರೂ ಒತ್ತುವುದಿಲ್ಲ. 1996ರ ವೋರ್ಟೆಕ್ ಹೆಡ್‌ಗೆ 8 ಬೋಲ್ಟಿನ ಮ್ಯಾನಿಫೋಲ್ಡೇ ಆಗಬೇಕು.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆದು, ರೇಡಿಯೇಟರಿನ ಕೆಳಗಿನ ಕಾಕ್ ತಿರುಗಿಸಿ ಕೂಲಂಟ್ ಇಳಿಸಿ. ಪೆಟ್ರೋಲ್ ಪೈಪ್, ಥ್ರಾಟಲ್ ಕೇಬಲ್, ವ್ಯಾಕ್ಯೂಮ್ ಪೈಪ್‌ಗಳಿಗೆ ಚೀಟಿ ಅಂಟಿಸಿ ಕಳಚಿ, ಕಾರ್ಬುರೇಟರ್ ಎತ್ತಿಡಿ.

ಡಿಸ್ಟ್ರಿಬ್ಯೂಟರ್ ಮ್ಯಾನಿಫೋಲ್ಡನ್ನು ತೂರಿ ಇಳಿಯುವುದರಿಂದ ಅದನ್ನೂ ತೆಗೆಯಲೇಬೇಕು. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಹೊಡೆತದ ತುದಿಗೆ ತನ್ನಿ. ರೋಟರ್ ನೋಡುತ್ತಿರುವ ದಿಕ್ಕನ್ನು ಡಿಸ್ಟ್ರಿಬ್ಯೂಟರ್ ಮೈಮೇಲೆ ಗುರುತು ಮಾಡಿ, ಮೈ ಕೂತಿರುವ ದಿಕ್ಕನ್ನು ಫೈರ್‌ವಾಲ್ ಮೇಲೆ ಗುರುತು ಮಾಡಿ. ಮೇಲೆತ್ತುವಾಗ ಗೇರಿನ ಓರೆ ಹಲ್ಲಿನಿಂದಾಗಿ ರೋಟರ್ ಸ್ವಲ್ಪ ತಿರುಗುತ್ತದೆ. ತಿರುಗಿ ನಿಂತ ಜಾಗಕ್ಕೂ ಒಂದು ಗುರುತು ಹಾಕಿದರೆ ವಾಪಸ್ ಇಳಿಸುವುದು ಸಲೀಸು. ಇದಾದ ಮೇಲೆ ಎಂಜಿನ್ ತಿರುಗಿಸಬಾರದು.

12 ಬೋಲ್ಟುಗಳನ್ನು ಹೊರಗಿನಿಂದ ನಡುವಿನತ್ತ ಸ್ವಲ್ಪಸ್ವಲ್ಪವೇ ಸಡಿಲಿಸಿ. ಮ್ಯಾನಿಫೋಲ್ಡ್ ಏಳದಿದ್ದರೆ ಮೂಲೆಯಲ್ಲಿ, ಅಡ್ಡಗೋಡೆಯ ಕಡೆಯಿಂದ ಮೀಟಿ. ಪೋರ್ಟಿನ ಮುಖಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅದೇ ಮುಂದಿನ ಲೀಕಿನ ದಾರಿಯಾಗುತ್ತದೆ. ಎತ್ತುವಾಗ ಹೆಡ್ಡಿನಲ್ಲಿ ಉಳಿದ ಕೂಲಂಟ್ ವ್ಯಾಲಿಗೆ ಚೆಲ್ಲುವುದು ತಪ್ಪದು. ಹೊಸ ಆಯಿಲ್, ಫಿಲ್ಟರ್ ತರಲು ಹೇಳಿದ್ದು ಅದಕ್ಕೇ.

ತೆಗೆದ ಗ್ಯಾಸ್ಕೆಟನ್ನು ಎಸೆಯಬೇಡಿ

ಹೋದದ್ದು ಏಕೆಂದು ಹೇಳುವುದು ಹಳೆಯ ಗ್ಯಾಸ್ಕೆಟೇ. ಒತ್ತಿದ ಗುರುತು ಮೇಲೆ ಗಾಢವಾಗಿದ್ದು ಕೆಳಗೆ ಮಾಸಲಾಗಿದ್ದರೆ ಮುಖಗಳ ಕೋನ ಕೂಡಿಲ್ಲ. ನಡುವೆ ಮಾತ್ರ ಸುಟ್ಟು ಕರಕಲಾಗಿದ್ದರೆ ಎಕ್ಸಾಸ್ಟ್ ದಾರಿಯ ಬಿಸಿ ಕಾರಣ. ಅಲ್ಲಿ ಲೋಹದ ತಡೆಹಲಗೆ ಇರುವ ಗ್ಯಾಸ್ಕೆಟ್ ಹಾಕಿ. ಹಾಗೆ ಪೂರ್ತಿ ಮುಚ್ಚಿದರೆ ಚಳಿ ನಾಡಿನಲ್ಲಿ ಎಂಜಿನ್ ಬೆಚ್ಚಗಾಗಲು ತಡವಾಗುತ್ತದೆ ಎಂಬುದೂ ನೆನಪಿರಲಿ.

ಹೆಡ್ ಫೇಸಿಂಗಿನಿಂದಲೂ ಮುಖಗಳ ಹೊಂದಾಣಿಕೆ ತಪ್ಪುತ್ತದೆ. ಹೆಡ್ಡಿನ ತಳ ತೆಗೆದಷ್ಟೂ ಹೆಡ್ ಕೆಳಗೂ ಒಳಗೂ ಸರಿಯುತ್ತದೆ, ಮ್ಯಾನಿಫೋಲ್ಡ್ ಮಾತ್ರ ಮೊದಲಿನ ಅಗಲದಲ್ಲೇ ಉಳಿದು ಮೇಲಕ್ಕೆ ಏರಿ ಕೂರುತ್ತದೆ. ಸ್ಟಾಕ್ 23 ಡಿಗ್ರಿ (ವಾಲ್ವ್ ಅಷ್ಟು ಓರೆಯಿರುವ) ಹೆಡ್‌ಗೆ ಲೆಕ್ಕ ಹೀಗೆ: ತಳದಿಂದ ತೆಗೆದುದರ 1.23 ಪಟ್ಟು ಇನ್‌ಟೇಕ್ ಮುಖದಿಂದ, 1.71 ಪಟ್ಟು ಮ್ಯಾನಿಫೋಲ್ಡಿನ ಮುಂದಿನ–ಹಿಂದಿನ ತಳದಿಂದ ತೆಗೆಸಬೇಕು. 0.75 ಮಿಲಿಮೀಟರ್ ಫೇಸಿಂಗ್ ಆಗಿದ್ದರೆ ಕ್ರಮವಾಗಿ 0.92 ಮತ್ತು 1.28. ಬ್ಲಾಕಿನ ಡೆಕ್ (ಹೆಡ್ ಕೂರುವ ಮೇಲ್ಮೈ) ಫೇಸಿಂಗ್ ಆಗಿದ್ದರೆ ಅದನ್ನೂ ಕೂಡಿಸಿಕೊಳ್ಳಿ. ಮೆಷಿನ್ ಶಾಪಿಗೆ ಹೋಗುವ ಬದಲು ದಪ್ಪ ಗ್ಯಾಸ್ಕೆಟ್ ಹಾಕಿದರೆ ಅಂತರ ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಸ್ವಚ್ಛಗೊಳಿಸಿ, ಒಣಗೇ ಕೂರಿಸಿ ನೋಡುವುದು

ಪೋರ್ಟುಗಳಿಗೂ ವ್ಯಾಲಿಗೂ ಬಟ್ಟೆ ತುರುಕಿ, ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಕೆರೆಯಿರಿ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಬೇಡ. ಅದರಿಂದ ಉದುರುವ ಪುಡಿ ವ್ಯಾಲಿಗೆ ಬಿದ್ದರೆ ಆಯಿಲ್ ಜೊತೆ ಬೇರಿಂಗ್ ಸೇರಿ ಅದನ್ನು ಅರೆಯುತ್ತದೆ. ಬೋಲ್ಟ್ ತೂತುಗಳಲ್ಲಿ ಟ್ಯಾಪ್ ಆಡಿಸಿ. ಕೊನೆಗೆ ಅಸಿಟೋನಿನಲ್ಲಿ ಒರೆಸಿ. ಎಣ್ಣೆ ಪಸೆ ಇದ್ದರೆ ಸಿಲಿಕೋನ್ ಹಿಡಿಯುವುದಿಲ್ಲ. ನೇರಪಟ್ಟಿ ಇಟ್ಟಾಗ 0.1 ಮಿಲಿಮೀಟರಿನ ಫೀಲರ್ ಸರಾಗವಾಗಿ ನುಸುಳಿದರೆ ಮುಖ ಬಾಗಿದೆ, ಫೇಸಿಂಗ್ ಬೇಕು.

ಎಲ್ಲರೂ ಬಿಟ್ಟುಬಿಡುವ ಹಂತ ಮುಂದಿನದು. ಸಿಲಿಕೋನ್ ಇಲ್ಲದೆ, ಬರೀ ಗ್ಯಾಸ್ಕೆಟ್ ಇಟ್ಟು ಮ್ಯಾನಿಫೋಲ್ಡ್ ಕೂರಿಸಿ. 12 ಬೋಲ್ಟೂ ಬೆರಳಿನಲ್ಲೇ ಇಳಿಯಬೇಕು. ಫೀಲರಿನಿಂದ ಪೋರ್ಟಿನ ಮೇಲೆ, ಮೂಲೆಗಳಲ್ಲಿ, ಡಿಸ್ಟ್ರಿಬ್ಯೂಟರ್ ತೂತಿನಿಂದ ಕೈಗೆ ಸಿಕ್ಕಷ್ಟು ಕೆಳಗೂ ಅಳೆಯಿರಿ. ಅಡ್ಡಗೋಡೆಯ ಅಂತರ ಎರಡು ತುದಿಯಲ್ಲೂ ಒಂದೇ ಇರಬೇಕು. ಮ್ಯಾನಿಫೋಲ್ಡ್ ಅಡ್ಡಗೋಡೆಯ ಮೇಲೆ ಕೂತುಬಿಟ್ಟಿದ್ದರೆ ಬೋಲ್ಟ್ ಎಷ್ಟು ಬಿಗಿದರೂ ಪೋರ್ಟಿಗೆ ಒತ್ತಡ ತಲುಪುವುದಿಲ್ಲ.

ಜೋಡಿಸುವುದು

ನಾಲ್ಕು ಮೂಲೆಯ ನೀರಿನ ಕಿಂಡಿಗಳ ಸುತ್ತ, ಗ್ಯಾಸ್ಕೆಟಿನ ಎರಡೂ ಬದಿ, ತೆಳ್ಳಗೆ ಸಿಲಿಕೋನ್ ಸವರಿ. ಪೋರ್ಟುಗಳ ಸುತ್ತ ಬೇಡ, ಅದು ಪೆಟ್ರೋಲಿಗೆ ಉಬ್ಬಿ ಮೆತ್ತಗಾಗಿ ಕಿತ್ತುಬರುತ್ತದೆ. ಸೆಟ್ಟಿನ ಜೊತೆ ಬರುವ ಕಾರ್ಕ್ ಅಥವಾ ರಬ್ಬರ್ ಪಟ್ಟಿಗಳನ್ನು ಪಕ್ಕಕ್ಕಿಡಿ, ಬಿಗಿಯುವಾಗ ಅವು ಜಾರಿ ಹೊರಬರುತ್ತವೆ. ಅದರ ಬದಲು ಅಡ್ಡಗೋಡೆಗಳ ಮೇಲೆ 6ರಿಂದ 8 ಮಿಲಿಮೀಟರ್ ದಪ್ಪದ, ಎಲ್ಲೂ ಕಡಿಯದ ಸಿಲಿಕೋನ್ ಎಳೆ ಹಾಕಿ, ತುದಿಗಳನ್ನು ಗ್ಯಾಸ್ಕೆಟ್ ಮೇಲೆ ಒಂದು ಸೆಂಟಿಮೀಟರ್ ಹತ್ತಿಸಿ. ಅಂತರ ಹೆಚ್ಚಿದ್ದರೆ ಎಳೆಯೂ ದಪ್ಪವಾಗಲಿ.

ಸಿಲಿಕೋನ್ ಮೇಲೆ ಪೊರೆ ಕಟ್ಟುವ ಮೊದಲೇ, ಹತ್ತು ನಿಮಿಷದೊಳಗೆ, ಮ್ಯಾನಿಫೋಲ್ಡನ್ನು ನೆಟ್ಟಗೆ ಇಳಿಸಬೇಕು. ತಲೆ ಕತ್ತರಿಸಿದ ಉದ್ದ ಬೋಲ್ಟುಗಳನ್ನು ನಾಲ್ಕು ತೂತಿಗೆ ಹಾಕಿಕೊಂಡರೆ ಅವೇ ದಾರಿ ತೋರಿಸುತ್ತವೆ. ಇಳಿಸಿದ ಮೇಲೆ ಆಚೀಚೆ ಸರಿಸಿದರೆ ಎಳೆ ಕಲಸಿಹೋಗುತ್ತದೆ. ಆಗ ಎತ್ತಿ, ಒರೆಸಿ, ಹೊಸದಾಗಿ ಹಾಕುವುದೇ ಸರಿ.

ಕೆಲವು ಬೋಲ್ಟ್ ತೂತುಗಳು ಒಳಕ್ಕೆ ತೆರೆದಿವೆ, ಆಯಿಲ್ ಥ್ರೆಡ್ ಹಿಡಿದು ಮೇಲೇರುತ್ತದೆ. ಆದ್ದರಿಂದ ಎಲ್ಲ ಬೋಲ್ಟಿಗೂ ಥ್ರೆಡ್ ಸೀಲಂಟ್ ಹಚ್ಚಿ. ನಡುವಿನಿಂದ ಶುರುಮಾಡಿ ಎಡ–ಬಲ ದಾಟುತ್ತಾ ಹೊರಕ್ಕೆ ಹೋಗಿ: ಮೊದಲ ಸುತ್ತು 14 ನ್ಯೂಟನ್ ಮೀಟರ್, ಎರಡನೆಯದು 27, ಕೊನೆಯದು ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗೆ 34, ಬೀಡಿನದಕ್ಕೆ 40. ಮ್ಯಾನಿಫೋಲ್ಡ್ ಜೊತೆ ಬಂದ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ಕೊನೆಯ ಸುತ್ತನ್ನು ಮತ್ತೊಮ್ಮೆ ಹಾಕಿ. ಪಕ್ಕದ್ದನ್ನು ಬಿಗಿದಾಗ ಮೊದಲು ಬಿಗಿದದ್ದು ಸಡಿಲವಾಗಿರುತ್ತದೆ. ವೋರ್ಟೆಕ್‌ನ 8 ಬೋಲ್ಟಿಗೆ 15 ನ್ಯೂಟನ್ ಮೀಟರ್ ಮಾತ್ರ.

ಡಿಸ್ಟ್ರಿಬ್ಯೂಟರನ್ನು ಎರಡನೇ ಗುರುತಿಗೆ ಹಿಡಿದು ಇಳಿಸಿದರೆ ರೋಟರ್ ಮೊದಲ ಗುರುತಿಗೆ ಬಂದು ನಿಲ್ಲಬೇಕು. ಪೂರ್ತಿ ಕೂರದಿದ್ದರೆ ಆಯಿಲ್ ಪಂಪಿನ ಶಾಫ್ಟ್ ತಿರುಗಿದೆ. ಉದ್ದ ಸ್ಕ್ರೂಡ್ರೈವರಿನಿಂದ ಅದನ್ನು ಸರಿಪಡಿಸಿ, ಕ್ಲಾಂಪ್ ಬಿಗಿದು ಒತ್ತಿ ಕೂರಿಸಲು ಹೋಗಬೇಡಿ. ಪ್ಲಗ್ ವೈರ್ ಕ್ರಮ 1-8-4-3-6-5-7-2, ಪ್ರದಕ್ಷಿಣವಾಗಿ.

ಸಿಲಿಕೋನಿಗೆ ಒಂದು ದಿನ ಬಿಡಿ. ಹಳೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಮತ್ತು ಅರ್ಧಕ್ಕರ್ಧ ಕೂಲಂಟ್ ತುಂಬಿದ ಮೇಲಷ್ಟೇ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಕೂಲಂಟ್ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ. ಟೈಮಿಂಗ್ ನೋಡಿ, ಆಮೇಲೆ ಮಿಕ್ಸ್ಚರ್ ಸ್ಕ್ರೂ ಹೊಸದಾಗಿ ಹೊಂದಿಸಿ. ಲೀಕ್ ಇದ್ದಾಗ ಮಾಡಿದ್ದ ಸೆಟ್ಟಿಂಗಿನಲ್ಲೇ ಬಿಟ್ಟರೆ ಈಗ ಪೆಟ್ರೋಲ್ ಹೆಚ್ಚಾಗುತ್ತದೆ. ಕಾಗದದ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿ. ಆಯಿಲಿಗೆ ಮೊದಲೇ ನೀರು ಸೇರಿದ್ದ ಎಂಜಿನ್ನಾದರೆ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಆಯಿಲನ್ನೂ ಫಿಲ್ಟರನ್ನೂ ಇನ್ನೊಮ್ಮೆ ಬದಲಿಸಬೇಕು. ಗ್ಯಾಸ್ಕೆಟ್ ತಯಾರಕರು ಬೇಡವೆಂದಿರದಿದ್ದರೆ, ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ನಂತರ ಬೋಲ್ಟುಗಳ ಟಾರ್ಕನ್ನು ಅದೇ ಕ್ರಮದಲ್ಲಿ ಪರೀಕ್ಷಿಸಿ.